ತೊಳೆದು ಕೊಟ್ಟ ಮಿಷನ್

ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ, ಕೈಚೀಲದ ಒಳಜೇಬಿನಲ್ಲಿ, ಮಾತ್ರೆ ಡಬ್ಬಿಯ ತಳದಲ್ಲಿ ಪಸೆ ಹೀರಲೆಂದು ಇಟ್ಟ ಒಂದು ಪುಟ್ಟ ಪೊಟ್ಟಣ ಇರುತ್ತದಲ್ಲ, ತಿನ್ನಬೇಡಿ ಎಂದು ಬರೆದದ್ದು, ಅದನ್ನು ನಾನು ಎಸೆಯುವುದಿಲ್ಲ. ಪುತ್ತೂರಿನ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಒಂದು ಗಾಜಿನ ಬಾಟಲಿ ತುಂಬ ಅವೇ ಇವೆ. "ಮಮ್ಮಿ, ಇದನ್ನೆಂತ ಉಪ್ಪಿನಕಾಯಿ ಹಾಕ್ಲಿಕ್ಕುಂಟಾ?" ಎಂದು ಮಗಳು ಗೇಲಿ ಮಾಡುತ್ತಾಳೆ. ಮಾಡಲಿ. ಅವಳಿಗೆ ಕಾರಣ ಹೇಳಲು ಹೊರಟರೆ ಒಂದು ಇಡೀ ಮಳೆಗಾಲವನ್ನು ಹೇಳಬೇಕಾಗುತ್ತದೆ.

ಈ ಸಲ ಮಳೆಗಾಲಕ್ಕೆಂದು ತಂದ ಚಪ್ಪಲಿಯ ಪೆಟ್ಟಿಗೆ ಬಿಚ್ಚಿದಾಗ ಒಳಗಿನ ಪೊಟ್ಟಣ ಒಡೆದಿತ್ತು. ಹರಳುಗಳು ನೆಲದ ತುಂಬ ಉರುಳಿದವು. ಗುಡಿಸಿ ಎಸೆಯುವುದು ಬಿಟ್ಟು ನಾನು ಮಂಡಿಯೂರಿ ಒಂದೊಂದನ್ನೇ ಹೆಕ್ಕಲು ಕೂತೆ. ಹೆಕ್ಕುತ್ತ ಹೆಕ್ಕುತ್ತ ಅದ್ರಾಮಾಕ ನೆನಪಾದರು, ಲೀಲಕ್ಕ ನೆನಪಾದರು. ವರ್ಷಗಳಿಂದ ಮುಂದೂಡುತ್ತ ಬಂದಿದ್ದ ಕಲ್ಲುಗುಂಡಿ ಪ್ರಯಾಣವನ್ನು ಆ ವಾರವೇ ಮಾಡಿ ಮುಗಿಸಿದೆ. ಅಲ್ಲಿ ಆದದ್ದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆ ಮಳೆಗಾಲ.

ಆಗ ನಾನು ಕಲ್ಲುಗುಂಡಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ. ಉಪಕೇಂದ್ರ ಎಂದರೆ ಒಂದು ಕೋಣೆ, ಒಂದು ಜಗಲಿ, ಮಳೆ ಬಂದರೆ ಎದುರಿಗಿದ್ದವರ ಮಾತು ಕೇಳಿಸದಂಥ ಶೀಟಿನ ಮಾಡು. ಮುಂದೆ ಮಡಿಕೇರಿ ರಸ್ತೆ, ಹಿಂದೆ ಇಳಿಜಾರಿನ ಕೆಳಗೆ ಪಯಸ್ವಿನಿ. ರಸ್ತೆಯ ಆಚೆ ಬದಿಯಲ್ಲಿ ಅದ್ರಾಮಾಕನ ಜೀನಸಿನ ಅಂಗಡಿ. ಅಬ್ದುಲ್ ರಹಿಮಾನ್ ಎನ್ನುವ ಹೆಸರು ಅಂಗಡಿಯ ಬೋರ್ಡಿನಲ್ಲಿ ಮಾತ್ರ ಇತ್ತು. ಊರಿಗೆಲ್ಲ ಅವರು ಅದ್ರಾಮಾಕ. ಪ್ರಾಯದಲ್ಲಿ ಗಲ್ಫಿನ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿದು, ಎದೆಯೊಳಗೆ ಧೂಳನ್ನೂ ಪೆಟ್ಟಿಗೆಯೊಳಗೆ ದಪ್ಪ ಕಂಬಳಿಗಳನ್ನೂ ತುಂಬಿಕೊಂಡು ಊರಿಗೆ ಬಂದವರು. ಅಂಗಡಿಯ ಮಾಳಿಗೆಯಲ್ಲೇ ಅವರ ಮನೆ. ಮಾಳಿಗೆಯ ಕಿಟಕಿಯಿಂದ ರಸ್ತೆಯ ಎರಡೂ ತಿರುವು ಕಾಣುತ್ತಿತ್ತು. ಕೆಮ್ಮು ಜೋರಾಗಿ ಕೆಳಗಿಳಿಯಲಾಗದ ದಿನಗಳಲ್ಲಿ ಅಲ್ಲೇ ಕೂತು, ಘಾಟಿ ಹತ್ತುವ ಲಾರಿಯವರನ್ನು ಹೆಸರು ಹಿಡಿದು ಕೂಗಿ ಮಾತಾಡಿಸುತ್ತಿದ್ದರು. ಆ ಕಿಟಕಿ ಅವರಿಗೆ ಅರ್ಧ ಔಷಧ.

ಕೊರೊನಾದ ಎರಡನೇ ಅಲೆಯಲ್ಲಿ ಅವರ ಗಲ್ಫಿನ ಹಳೆಯ ಸ್ನೇಹಿತರೆಲ್ಲ ಸೇರಿ ಒಂದು ಆಕ್ಸಿಜನ್ ಮಿಷನ್ ಕಳುಹಿಸಿಕೊಟ್ಟರು. ಮೊಣಕಾಲಿಗಿಂತ ತುಸು ಎತ್ತರದ ಬಿಳಿ ಪೆಟ್ಟಿಗೆ, ಕೆಳಗೆ ಚಕ್ರ, ಮುಂದೆ, ಎಷ್ಟು ಗಾಳಿ ಹೊರಬರುತ್ತಿದೆ ಎಂದು ತೋರಿಸಲು, ಗಾಜಿನ ಕೊಳವೆಯೊಳಗೆ ತೇಲುವ ಒಂದು ಗೋಲಿ. ಸಿಲಿಂಡರಿಗೆ ತುಂಬಿಸಿದ ಹಾಗೆ ಇದಕ್ಕೆ ಏನನ್ನೂ ತುಂಬಿಸುವುದಿಲ್ಲ. ಪ್ಲಗ್ ಸಿಕ್ಕಿಸಿದರೆ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಿಂದ ಆಮ್ಲಜನಕ ಸೋಸಿ ಮೂಗಿಗೆ ಕೊಡುತ್ತದೆ. ಹೇಗೆ ಸೋಸುತ್ತದೆ ಎಂದು ಆಗ ಯಾರೂ ಕೇಳಲಿಲ್ಲ. ಜನ ಉಸಿರಿಗಾಗಿ ಒದ್ದಾಡುತ್ತಿದ್ದ ಕಾಲ, ಕೇಳುವ ವ್ಯವಧಾನ ಯಾರಿಗಿತ್ತು?

"ಮಸೀದಿಯ ಬಿರಿಯಾನಿ ಚೆಂಬು ಯಾರು ಕೇಳಿದ್ರೂ ಕೊಡುದಿಲ್ವಾ?" ಎಂದರು ಅದ್ರಾಮಾಕ. "ಇದೂ ಹಾಗೆಯೇ. ಬೇಕಾದವ್ರು ಕೊಂಡೋಗಿ, ಆದ್ಮೇಲೆ ತಂದಿಡಿ. ನನ್ನತ್ರ ಕೇಳ್ಳಿಕ್ಕೆಂತ ಉಂಟು ಮಾರಾಯ್ರೆ?"

ಚೆಂಬು ಎಂದರೆ ಮದುವೆ ಅಡುಗೆಯ ದೊಡ್ಡ ತಾಮ್ರದ ಪಾತ್ರೆ. ಮಿಷನ್ನೂ ಚೆಂಬೇ ಎಂದಾದ ಮೇಲೆ ಚೆಂಬಿನ ಮರ್ಯಾದೆಯೆಲ್ಲ ಅದಕ್ಕೂ ಬಂತು. ನಮ್ಮ ಕಡೆ ಬೇರೆಯವರ ಮನೆಯಿಂದ ತಂದ ಪಾತ್ರೆಯನ್ನು ಇದ್ದ ಹಾಗೇ ಹಿಂದಿರುಗಿಸುವವರಿಲ್ಲ. ಹುಣಸೆಹುಳಿ, ಬೂದಿ ಹಾಕಿ ಉಜ್ಜಿ, ತಂದಾಗ ಇದ್ದುದಕ್ಕಿಂತ ಒಂದು ಪಟ್ಟು ಹೆಚ್ಚು ಹೊಳೆಯುವಂತೆ ಮಾಡಿ ಕೊಡಬೇಕು. ಬರಿದಾಗಿಯೂ ಕೊಡಬಾರದು, ನಾಲ್ಕು ತೊಂಡೆಕಾಯಿಯಾದರೂ ಒಳಗಿರಬೇಕು. ಜಾತಿ ಬೇರೆ, ಭಾಷೆ ಬೇರೆ, ಊಟ ಬೇರೆ ಆದರೂ ಈ ಒಂದು ವಿಷಯದಲ್ಲಿ ಗೌಡರ ಮನೆಗೂ ಬ್ಯಾರಿಗಳ ಮನೆಗೂ ನೆಲ್ಯಾಡಿಯ ನನ್ನ ತವರಿಗೂ ವ್ಯತ್ಯಾಸವಿಲ್ಲ. ನನ್ನ ಅಮ್ಮ ಪಕ್ಕದ ಮನೆಯ ಬಟ್ಟಲನ್ನು ತೊಳೆದು, ಮೂಸಿ ನೋಡಿ, ಮತ್ತೊಮ್ಮೆ ತೊಳೆದು ಕಳುಹಿಸುತ್ತಿದ್ದರು.

ಹೀಗೆ ಆ ಮಿಷನ್ ಮನೆಯಿಂದ ಮನೆಗೆ ಹೋಯಿತು, ಬಂತು. ಒಮ್ಮೆ ಅದರ ಹಿಡಿಗೆ ಕಟ್ಟಿದ ಬಾಳೆಗೊನೆಯ ಜೊತೆ ಬಂತು, ಇನ್ನೊಮ್ಮೆ ಚಕ್ರಕ್ಕೆ ತೆಂಗಿನೆಣ್ಣೆ ಹಚ್ಚಿಸಿಕೊಂಡು ಬಂತು. ನಾನು ಜಗಲಿಯಲ್ಲಿ ನಿಂತು ಇದನ್ನೆಲ್ಲ ನೋಡಿ ನಗುತ್ತಿದ್ದೆ. ನಗಲು ಬೇರೆ ಕಾರಣಗಳು ಹೆಚ್ಚಿರದ ವರ್ಷ ಅದು.

ಕೊನೆಗೆ ಅದು ಹೋದದ್ದು ದೇರಣ್ಣನ ಮನೆಗೆ. ದೇರಣ್ಣ ಜೀಪಿನವರು. ಒಳಗಿನ ಊರುಗಳಿಗೆ ಸಾಮಾನು, ಜನ, ಹೆರಿಗೆ ನೋವಿನ ಹೆಂಗಸರು ಎಲ್ಲವನ್ನೂ ಅವರ ಜೀಪೇ ಸಾಗಿಸಬೇಕು. ಜ್ವರ ಬಿಟ್ಟರೂ ಅವರ ಶ್ವಾಸಕೋಶ ಚೇತರಿಸಿಕೊಳ್ಳಲಿಲ್ಲ. ಮನೆಯಲ್ಲಿ ಕೆಲವು ವಾರ ಆಕ್ಸಿಜನ್ ಕೊಡಿ ಎಂದು ಸುಳ್ಯದ ಡಾಕ್ಟರು ಕಳುಹಿಸಿದ್ದರು. ಅವರ ಹೆಂಡತಿ ಲೀಲಕ್ಕ ಮಿಷನನ್ನು ಮನೆಗೆ ಬಂದ ದೊಡ್ಡ ನೆಂಟನ ಹಾಗೆ ನೋಡಿಕೊಂಡರು. ಮೊದಲೇ ಅವರಿಗೆ ಸ್ವಚ್ಛತೆಯ ಹುಚ್ಚು. ನನ್ನಲ್ಲಿಗೆ ಮಾತ್ರೆ ಒಯ್ಯಲು ಬಂದರೂ ಪೊರಕೆ ಹುಡುಕಿ ಜಗಲಿ ಗುಡಿಸಿಯೇ ಕೂರುವವರು. ದೇರಣ್ಣ ಹುಷಾರಾದರು, ಮತ್ತೆ ಜೀಪಿನ ಸ್ಟೇರಿಂಗ್ ಹಿಡಿದರು. ಆಟಿ ತಿಂಗಳ ಜಡಿಮಳೆಯ ನಡುವೆ ಒಂದು ದಿನ ಗಂಡ ಹೆಂಡತಿ ಇಬ್ಬರೂ ಮಿಷನನ್ನು ಜೀಪಿನಲ್ಲಿ ತಂದು ಅಂಗಡಿಯ ಮುಂದೆ ಇಳಿಸಿದರು. ನಾನೂ ಅಲ್ಲೇ ಇದ್ದೆ.

"ಇದೆಂತ ಲೀಲಕ್ಕ, ಮಿಷನಿಗೆ ಮದುವೆಯಾ?" ಎಂದು ಅದ್ರಾಮಾಕ ಶುರು ಮಾಡಿದರು. "ನಾನು ಕೊಟ್ಟಾಗ ಇಷ್ಟು ಬೆಳ್ಳಗೆ ಇರ್ಲಿಲ್ಲಪ್ಪ."

"ಸುಮ್ನೆ ಕೂತ್ಕೊಳ್ಳಿ ನೀವು. ಹಿಂದೆ ಗಾಳಿ ಎಳ್ಕೊಳ್ಳುವಲ್ಲಿ ಒಂದು ಸ್ಪಂಜುಂಟಲ್ಲ, ಅದ್ರಲ್ಲಿ ಎಷ್ಟು ಕೊಳೆ ಇತ್ತು ಗೊತ್ತುಂಟಾ? ಸಾಬೂನು ಹಾಕಿ ತೊಳ್ದು, ಒಲೆ ಮೇಲೆ ಒಣಗ್ಸಿ ಹಾಕಿ, ಒಮ್ಮೆ ಓಡ್ಸಿಯೂ ನೋಡಿದ್ದೇನೆ. ಇವ್ರ ಜೀವ ಉಳ್ಸಿದ ಮಿಷನ್ ಇದು. ಕೊಳಕು ಕೊಡ್ಲಿಕ್ಕಾಗ್ತದಾ?"

ಹಿಡಿಯಲ್ಲಿ ಹಲಸಿನ ಹಪ್ಪಳದ ಒಂದು ಕಟ್ಟು ತೂಗುತ್ತಿತ್ತು. ಅದ್ರಾಮಾಕನ ಹೆಂಡತಿ ನಬೀಸಕ್ಕ ಹಪ್ಪಳ ತೆಗೆದುಕೊಂಡು ಒಳಗೆ ಹೋದವರು ಗಲ್ಫಿನ ಕಂಬಳಿಯೊಂದನ್ನು ಹಿಡಿದು ಬಂದರು, ಹುಲಿಯ ಚಿತ್ರ ಇದ್ದದ್ದು. ಮಿಷನಿಗೆ ಅದನ್ನು ಸುತ್ತಿ, ಮಡಿಕೆಗಳ ನಡುವೆ ನುಸಿಗುಳಿಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಹೊದೆಸಿ, ಹಗ್ಗ ಬಿಗಿದರು. "ಇನ್ನು ಇದು ಬೇಕಾಗದೇ ಇರ್ಲಿ ಅಲ್ಲಾಹ್," ಎಂದು ಹೇಳಿ ಒಳಕೋಣೆಯ ಮಂಚದ ಕೆಳಗೆ ತಳ್ಳಿಸಿದರು. ನಿಜಕ್ಕೂ ಯಾರಿಗೂ ಬೇಕಾಗಲಿಲ್ಲ. ಮುಂದಿನ ಮಳೆಗಾಲದವರೆಗೆ ಅದು ಅಲ್ಲೇ, ಹುಲಿಯ ಮಗ್ಗುಲಲ್ಲಿ, ಮಲಗಿತ್ತು.

ಮರುವರ್ಷದ ಮಳೆ ಬೇಗ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಗೋಡೆಗಳು ಬೆವರಿದವು, ಬೆಂಕಿಪೆಟ್ಟಿಗೆ ಗೀರಿದರೆ ಕಡ್ಡಿಯ ತಲೆ ಮೆತ್ತಗಾಗಿ ಉದುರುತ್ತಿತ್ತು. ಅದ್ರಾಮಾಕನ ಎದೆ ಆ ಸಲ ಸೋತಿತು. ಕಿಟಕಿಯಿಂದ ಯಾರನ್ನೂ ಕೂಗುತ್ತಿರಲಿಲ್ಲ. ಎರಡು ಮಾತಿನ ನಡುವೆ ಉಸಿರಿಗಾಗಿ ನಿಲ್ಲಬೇಕಾಗುತ್ತಿತ್ತು, ಅವರಂಥ ಮಾತುಗಾರನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಸುಳ್ಯಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ನೋಡಿ, ಮನೆಯಲ್ಲೇ ದಿನದ ಹೆಚ್ಚು ಹೊತ್ತು ಆಕ್ಸಿಜನ್ ಹಾಕಿಕೊಂಡಿದ್ದರೆ ಈ ಮಳೆಗಾಲ ದಾಟಬಹುದು, ಇಲ್ಲವಾದರೆ ಅಡ್ಮಿಟ್ ಆಗಬೇಕು ಎಂದರು.

"ಅಡ್ಮಿಟ್ ಮಾತ್ರ ಬೇಡ," ಎಂದರು ಅದ್ರಾಮಾಕ. ಕೊರೊನಾ ಸಮಯದಲ್ಲಿ ಎಷ್ಟೋ ಜನರನ್ನು ಅವರೇ ಆಂಬುಲೆನ್ಸಿಗೆ ಹತ್ತಿಸಿದ್ದರು. ಅವರಲ್ಲಿ ಕೆಲವರು ತಿರುಗಿ ಬಂದಿರಲಿಲ್ಲ. "ನನ್ಗೆ ಸಾಯ್ಲಿಕ್ಕೆ ಹೆದ್ರಿಕೆ ಇಲ್ಲ ಸಿಸ್ಟ್ರೇ. ಆ ಬಿಳಿ ಗೋಡೆ ನೋಡ್ತಾ ಇರ್ಲಿಕ್ಕೆ ಹೆದ್ರಿಕೆ. ನನ್ನ ಕಿಟಕಿ ಹತ್ರ ಇರ್ತೇನೆ. ಮಿಷನ್ ನಮ್ಮಲ್ಲೇ ಉಂಟಲ್ಲ!"

ಹೌದಲ್ಲ, ಮಿಷನ್ ಇತ್ತು. ಊರಿಗೆಲ್ಲ ಕೊಟ್ಟವರಿಗೆ ಅದು ಒದಗಿ ಬರುವ ಕಾಲ ಬಂತು ಎಂದು ನಮಗೆಲ್ಲ ಒಳಗೊಳಗೇ ಸಮಾಧಾನ. ನಬೀಸಕ್ಕ ಹಗ್ಗ ಬಿಚ್ಚಿದರು. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರಹನಿಗಳಿದ್ದವು. ಮಳೆಗಾಲದಲ್ಲಿ ಎಲ್ಲಿ ಇರುವುದಿಲ್ಲ ಎಂದು ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೋಣೆ ತುಂಬ ನುಸಿಗುಳಿಗೆಯ ಘಾಟು. ಹೊಸದರಂತೆ ಹೊಳೆಯುತ್ತಿದ್ದ ಮಿಷನ್ ಸ್ವಿಚ್ ಹಾಕಿದೊಡನೆ ಗುಂಯ್‌ಗುಟ್ಟಿತು, ಹಳೆಯ ಹಾಗೆಯೇ ಆಗಾಗ ಟುಸ್ಸೆಂದು ಉಸಿರು ಬಿಟ್ಟಿತು. ನೀರಿನ ಬಾಟಲಿಯಲ್ಲಿ ಗುಳ್ಳೆ ಎದ್ದಿತು. ಕೊಳವೆಯ ಗೋಲಿ ಡಾಕ್ಟರು ಹೇಳಿದ ಗೆರೆಗೆ ಏರಿ ನಿಂತಿತು. ನಾನು ಅವರ ಮೂಗಿಗೆ ನಳಿಗೆ ಸಿಕ್ಕಿಸಿದೆ. ದುಬಾರಿ ಮಿಷನುಗಳಲ್ಲಿ ಆಮ್ಲಜನಕ ಕಡಿಮೆಯಾದರೆ ಹಳದಿ ದೀಪ ಹತ್ತುತ್ತದಂತೆ. ನಮ್ಮದರಲ್ಲಿ ಅಂಥದ್ದು ಇರಲಿಲ್ಲ.

ಮೊದಲ ದಿನವೇ ಅವರು ಹೇಳಿದ್ದರು, "ಗಾಳಿ ಬರ್ತದೆ ಸಿಸ್ಟ್ರೇ. ಆದ್ರೆ ಹೊಟ್ಟೆ ತುಂಬುದಿಲ್ಲ."

ಅಭ್ಯಾಸವಾಗಲಿ ಎಂದೆವು. ಬೆರಳಿಗೆ ಸಿಕ್ಕಿಸುವ ಮೀಟರಿನಲ್ಲಿ ಅಂಕಿ ಏರಬೇಕಾದಷ್ಟು ಏರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಗೋಲಿಯನ್ನು ಇನ್ನೂ ಮೇಲೇರಿಸಲು ಹೇಳಿದರು. ಏರಿಸಿದೆ. ಅಂಕಿ ಕದಲಲಿಲ್ಲ. ದಿನಗಳು ಕಳೆದ ಹಾಗೆ ಅವರ ಕಾಲು ಊದಿಕೊಂಡಿತು, ತುಟಿಯ ಬಣ್ಣ ಕಂದಿತು. ರೋಗ ಮುಂದುವರಿದಿದೆ, ಒಪ್ಪಿಸಿ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಫೋನಿನಲ್ಲಿ ಒತ್ತಾಯಿಸಿದರು. ನಬೀಸಕ್ಕ ಅತ್ತರು. ಇವರು ಕಿಟಕಿಯ ಸರಳು ಹಿಡಿದು ತಲೆಯಾಡಿಸಿದರು. "ಈ ಮಿಷನಿಗೆ ನನ್ನ ಮೇಲೆ ಸಿಟ್ಟುಂಟು," ಎಂದು ಒಮ್ಮೆ ನಕ್ಕರು. "ಊರವ್ರ ಮನೇಲೆಲ್ಲ ಚಂದ ಕೆಲ್ಸ ಮಾಡಿದೆ, ಸ್ವಂತ ಮನೇಲಿ ಸೋಮಾರಿ. ನಮ್ಮ ಹಾಗೆಯೇ." ನಾವೂ ನಕ್ಕೆವು. ಉಸಿರಾಡುವವನೇ ಉಸಿರು ಸಾಲುವುದಿಲ್ಲ ಎನ್ನುತ್ತಿದ್ದ, ನಾವೆಲ್ಲ ಗೋಲಿಯ ಮಾತು ನಂಬಿದ್ದೆವು.

ಆಟಿಯ ಒಂದು ಮಧ್ಯಾಹ್ನ ಪಯಸ್ವಿನಿ ಕೆಂಪಾಗಿ ದಡ ಮೀರಿತು. ಘಾಟಿಯ ಕೆಳಗೆ ರಸ್ತೆಗೆ ಮಣ್ಣು ಬಿದ್ದು ಲಾರಿಗಳು ಸಾಲಾಗಿ ನಿಂತವು. ಕರೆಂಟು ಬೆಳಗ್ಗೆಯೇ ಹೋಗಿತ್ತು. ಇನ್ವರ್ಟರಿನ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು ನನ್ನನ್ನು ಕರೆಸಿದ್ದರು. ನಾನು ಮಾಳಿಗೆ ಹತ್ತಿ ಒಳಗೆ ಕಾಲಿಡುವುದಕ್ಕೂ ಮಿಷನ್ ಉದ್ದಕ್ಕೆ ಕಿರುಚಿ ನಿಲ್ಲುವುದಕ್ಕೂ ಸರಿಹೋಯಿತು. ಗೋಲಿ ಕೆಳಗೆ ಬಿತ್ತು. ನಾನು ಅವರ ಬೆರಳಿಗೆ ಮೀಟರ್ ಸಿಕ್ಕಿಸಿ ಕೂತೆ. ಈಗ ಇಳಿಯುತ್ತದೆ, ಇನ್ನೇನು ಇಳಿಯುತ್ತದೆ ಎಂದು ಎಲ್ಲರೂ ಬಾಗಿ ನೋಡುತ್ತಿದ್ದರು.

ಅಂಕಿ ಇಳಿಯಲಿಲ್ಲ. ಇದ್ದಲ್ಲೇ ಇತ್ತು. ಹೊತ್ತು ಹೋದರೂ ಅಲ್ಲೇ.

"ಅಲ್‌ಹಮ್ದುಲಿಲ್ಲಾಹ್!" ಎಂದು ನಬೀಸಕ್ಕ ನನ್ನ ಭುಜ ಹಿಡಿದು ಅಲುಗಿಸಿದರು. "ಮಿಷನ್ ಇಲ್ಲದಿದ್ರೂ ಇಳಿಲಿಲ್ಲ ಸಿಸ್ಟರ್! ಗುಣ ಆಗ್ತಾ ಉಂಟು!"

ನಾನು ಮೀಟರನ್ನು ತೆಗೆದು ಇನ್ನೊಂದು ಬೆರಳಿಗೆ ಸಿಕ್ಕಿಸಿ ನೋಡಿದೆ. ಮಿಷನ್ ಓಡುತ್ತಿದ್ದಾಗ ಎಷ್ಟಿತ್ತೋ ನಿಂತಾಗಲೂ ಅಷ್ಟೇ ಇದೆ ಎಂದರೆ, ಓಡುತ್ತಿದ್ದಾಗ ಅದು ಏನನ್ನು ಕೊಡುತ್ತಿತ್ತು? ನಾನು ತಲೆ ಎತ್ತಿದೆ. ಅದ್ರಾಮಾಕ ನನ್ನನ್ನೇ ನೋಡುತ್ತಿದ್ದರು. ಅವರಿಗೂ ತಿಳಿದಿತ್ತು.

"ಬರೀ ಗಾಳಿ ಅಲ್ವಾ ಸಿಸ್ಟ್ರೇ?" ಎಂದರು ಮೆಲ್ಲಗೆ. "ಇಷ್ಟು ದಿನ ಕೋಣೆಯ ಗಾಳಿಯನ್ನೇ ನಳಿಗೆಯಲ್ಲಿ ಕುಡ್ದದ್ದು ನಾನು."

ರಸ್ತೆಯ ಮಣ್ಣು ಸರಿಸಿ ಒಂದು ಗಾಡಿ ಹೋಗುವಷ್ಟು ದಾರಿಯಾದೊಡನೆ ದೇರಣ್ಣ ಜೀಪು ಹೊರಡಿಸಿ ಸುಳ್ಯದಿಂದ ಸಿಲಿಂಡರ್ ತಂದರು. ಅದನ್ನು ಜೋಡಿಸಿದ ಸ್ವಲ್ಪ ಹೊತ್ತಿಗೆ ಮೀಟರಿನ ಅಂಕಿ ಸರಸರ ಏರಿತು. "ಹಾಂ, ಇದು," ಎಂದರು ಅದ್ರಾಮಾಕ, ಕಣ್ಣು ಮುಚ್ಚಿಕೊಂಡು, ಬಹಳ ದಿನಗಳ ಹಸಿವಿನ ಮೇಲೆ ಉಂಡವರ ಹಾಗೆ. ಆದರೆ ಸಿಲಿಂಡರು ಬೇಗ ಖಾಲಿಯಾಗುತ್ತದೆ, ಸಿಗುವುದೂ ಕಷ್ಟ, ತರುವ ದಾರಿಗೂ ಭರವಸೆಯಿಲ್ಲ. ಮಿಷನ್ ರಿಪೇರಿಯಾದರೆ ಮಾತ್ರ ಮನೆಯಲ್ಲಿ ಉಳಿಯಬಹುದಿತ್ತು. ದೇರಣ್ಣ ಮತ್ತು ನಾನು ಅದನ್ನು ಜೀಪಿನ ಹಿಂದೆ ಹಾಕಿಕೊಂಡು ಪುತ್ತೂರಿಗೆ ಹೋದೆವು.

ಆಸ್ಪತ್ರೆ ಸಲಕರಣೆಗಳನ್ನು ರಿಪೇರಿ ಮಾಡುವ ಅಂಗಡಿಯವರು ಹೊರಗೆ ಬರುವ ಗಾಳಿಯನ್ನು ಅಳತೆ ಮಾಡಿ, ಇದಕ್ಕೂ ಈ ಕೋಣೆಯ ಗಾಳಿಗೂ ವ್ಯತ್ಯಾಸವೇ ಇಲ್ಲವಲ್ಲ ಎಂದರು. ಬಿಚ್ಚಿದರು. ಒಳಗೆ ಎರಡು ಡಬ್ಬಿಗಳು. ಒಂದರ ಮುಚ್ಚಳ ತೆಗೆದು ಪೇಪರಿನ ಮೇಲೆ ಬಗ್ಗಿಸಿದರೆ ಸಾಬಕ್ಕಿಗಿಂತ ಸಣ್ಣ ಹರಳುಗಳು ಹರಿದು ಬರಬೇಕಿತ್ತು. ಬಂದದ್ದು ಹಳದಿಗಟ್ಟಿದ ಹೆಂಟೆಗಳು, ಸ್ವಲ್ಪ ಹುಡಿ.

ಆಗ ನಾನು ಕೇಳಿದೆ, ಇದೇನು ಎಂದು. ಜಿಯೋಲೈಟ್ ಎಂದರು. ಆ ಹರಳಿನ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳಂತೆ. ಗಾಳಿಯನ್ನು ಒತ್ತಿ ಕಳುಹಿಸಿದರೆ ಅದರಲ್ಲಿನ ನೈಟ್ರೋಜನ್ ಬಸ್ಸಿನ ಸೀಟು ಹಿಡಿದ ಹಾಗೆ ಆ ರಂಧ್ರಗಳಲ್ಲಿ ಕೂರುತ್ತದೆ, ಆಮ್ಲಜನಕ ಮುಂದಕ್ಕೆ ಹೋಗುತ್ತದೆ. ಒತ್ತಡ ಸಡಿಲಿಸಿದರೆ ನೈಟ್ರೋಜನ್ ಇಳಿದು ಹೋಗಿ ಸೀಟು ಖಾಲಿ. ಟುಸ್ಸೆನ್ನುವ ಸದ್ದು ಅದೇ. "ಆದ್ರೆ ನೀರಿನ ಪಸೆ ಉಂಟಲ್ಲ ಮೇಡಂ, ಅದು ಒಮ್ಮೆ ಕೂತ್ರೆ ಮತ್ತೆ ಇಳಿಯುದೇ ಇಲ್ಲ. ಹರಳಿಗೂ ಅದೇ ಹೆಚ್ಚು ಪ್ರೀತಿ. ನಮ್ಮೂರ ಮಳೆಯಲ್ಲಿ ಓಡಿಸದೆ ಕಟ್ಟಿಟ್ರೆ ಹೀಗೆಯೇ ಆಗುದು. ಆಗಾಗ ಓಡಿಸ್ತಾ ಇರ್ಬೇಕು." ಆಮೇಲೆ ಹಿಂಬದಿಯ ಸ್ಪಂಜನ್ನು ಬೆರಳಲ್ಲಿ ಹಿಸುಕಿ ನೋಡಿದರು. ಒಳಪದರಕ್ಕೆ ಬೂಸಲು ಹಿಡಿದಿತ್ತು. "ಇದನ್ನು ಯಾರಾದ್ರೂ ತೊಳ್ದಿದ್ದಾರಾ? ತೊಳೀಬಹುದು, ತೊಳೀಲೇಬೇಕು. ಆದ್ರೆ ಪೂರ್ತಿ ಒಣಗ್ಬೇಕು. ಹಸಿ ಇರುವಾಗ್ಲೇ ಹಾಕಿ ಓಡಿಸಿ, ಆಮೇಲೆ ಕಟ್ಟಿಟ್ಟಿದ್ದಾರೆ."

ಹೊಸ ಹರಳು ಎಲ್ಲಿಂದಲೋ ಬರಬೇಕು, ಯಾವಾಗ ಬರುತ್ತದೆ ಎಂದು ಹೇಳಲಾಗದು ಎಂದರು. ಬಾಗಿಲ ಬಳಿ ನಿಂತಿದ್ದ ದೇರಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸುಳ್ಯ ದಾಟಿದ ಮೇಲೆ ರಸ್ತೆಯನ್ನೇ ನೋಡುತ್ತ ಹೇಳಿದರು, "ಅವ್ಳು ಒಲೆ ಮೇಲೆ ಒಣಗ್ಸಿದ್ಳು ಸಿಸ್ಟರ್. ನಾನೇ ನೋಡಿದ್ದೇನೆ." ಅದು ನಿಜ ಎಂದು ನನಗೂ ಗೊತ್ತಿತ್ತು. ಆಟಿಯಲ್ಲಿ ಒಲೆಯ ಮೇಲೂ ಏನೂ ಪೂರ್ತಿ ಒಣಗುವುದಿಲ್ಲ. ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ಪಕ್ಕದಲ್ಲಿ ಬೆಳೆದ ನನಗೆ ಅದನ್ನು ಬೇರೆಯವರು ಹೇಳಬೇಕಾಗಿಲ್ಲ.

ಮಾಳಿಗೆಗೆ ಹೋಗಿ ಅದ್ರಾಮಾಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರಿಂದ ಮುಚ್ಚಿಡುವುದು ಸರಿ ಎನಿಸಲಿಲ್ಲ.

"ಲೀಲಕ್ಕನಿಗೆ ಹೇಳ್ಬೇಡಿ," ಎಂದರು. "ಆ ಹೆಂಗಸು ತಡ್ಕೊಳ್ಳುದಿಲ್ಲ. ನಬೀಸನಿಗೂ ಬೇಡ, ಕಂಬಳಿ ಸುತ್ತಿದ್ದು ತಾನೇ ಅಂತ ಹೇಳಿ ಅಳ್ತಾಳೆ. ಇಷ್ಟು ದಿನ ಓಡಿಸದೆ ಇಟ್ಟದ್ದು ನಾನಲ್ವಾ? ಹಾಳಾಗ್ಬಾರ್ದು ಅಂತ ಮುಚ್ಚಿಟ್ಟದ್ದು." ಉಸಿರು ತೆಗೆದುಕೊಂಡು ಮತ್ತೆ ಹೇಳಿದರು. "ತೊಳ್ದು ಕೊಟ್ಟದ್ದು ತಪ್ಪಾಗ್ತದಾ ಸಿಸ್ಟ್ರೇ? ತೊಳೀದೆ ಕೊಟ್ಟಿದ್ರೆ ನಾನೇ ಬೈತಿದ್ದೆ."

ಆಯಿತು ಎಂದು ಮಾತು ಕೊಟ್ಟೆ. ದೇರಣ್ಣನಿಗೂ ಹಾಗೆಯೇ ಹೇಳಿದೆ. ಅವರು ತಲೆ ತಗ್ಗಿಸಿ ಹೂಂ ಎಂದರು.

ಆಮೇಲಿನ ಕೆಲವು ದಿನ ಲೀಲಕ್ಕ ದಿನಾ ಗಂಜಿ ತಂದರು. ಕುಚ್ಚಲಕ್ಕಿಯ ತೆಳು ಗಂಜಿ, ಮೇಲೆ ಒಂದು ಚೂರು ಮಾವಿನ ಮಿಡಿ. ಅದ್ರಾಮಾಕ ಎದ್ದು ಕೂತು, ನಳಿಗೆಯನ್ನು ಬದಿಗೆ ಸರಿಸಿ, ಎಲ್ಲವನ್ನೂ ಕುಡಿಯುತ್ತಿದ್ದರು. "ಈ ಮಿಡಿಗಾಗಿ ಇನ್ನೊಂದು ವರ್ಷ ಬದುಕ್ಬೇಕು ಲೀಲಕ್ಕ," ಎನ್ನುತ್ತಿದ್ದರು. ಲೀಲಕ್ಕ ಮಾತಾಡುತ್ತಿರಲಿಲ್ಲ. ಗಡಗಡ ಮಾತಾಡುವ ಹೆಂಗಸು ಬಟ್ಟಲು ಖಾಲಿಯಾಗುವವರೆಗೆ ಗೋಡೆಗೆ ಒರಗಿ ನಿಂತು, ಬಟ್ಟಲು ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಅದ್ರಾಮಾಕನ ಸ್ಥಿತಿ ನೋಡಲಾಗದೆ ಹೀಗೆ ಎಂದು ನಾನು ತಿಳಿದೆ.

ರಸ್ತೆ ಮತ್ತೆ ಕಟ್ಟಿತು. ಸಿಲಿಂಡರ್ ಮುಗಿಯುವ ಹೊತ್ತಿಗೆ ಇನ್ನೊಂದು ಸಿಗದೆ, ಅವರ ಹಟ ನಡೆಯಕೂಡದೆಂದು ಎಲ್ಲರೂ ಸೇರಿ, ದಾರಿ ಬಿಟ್ಟ ಬೆಳಗ್ಗೆಯೇ ಪುತ್ತೂರಿನ ಆಸ್ಪತ್ರೆಗೆ ಸಾಗಿಸಿದೆವು. ಕುರ್ಚಿಯಲ್ಲಿ ಕೂರಿಸಿ ಮಾಳಿಗೆಯಿಂದ ಇಳಿಸುವಾಗ ಕಿಟಕಿಯ ಕಡೆ ಒಮ್ಮೆ ನೋಡಿದರು. ವಾರಗಟ್ಟಲೆ ಆಮ್ಲಜನಕ ಸಾಲದೆ ದುಡಿದ ಹೃದಯ ಸೋತುಹೋಗಿದೆ ಎಂದರು ಅಲ್ಲಿನ ಡಾಕ್ಟರು. ಆಟಿ ಮುಗಿಯುವ ಮೊದಲೇ, ಅವರು ಹೆದರಿದ್ದ ಆ ಬಿಳಿ ಗೋಡೆಯ ನಡುವೆಯೇ, ಅದ್ರಾಮಾಕ ತೀರಿಕೊಂಡರು. ಹರಳು ಸರಿಯಿದ್ದಿದ್ದರೆ ಬದುಕುತ್ತಿದ್ದರು ಎಂದು ನಾನು ಹೇಳಲಾರೆ. ಅವರ ಎದೆ ಮೊದಲೇ ಕೆಟ್ಟಿತ್ತು. ಆದರೆ ಆ ಒಂದು ಮಳೆಗಾಲ ಕಿಟಕಿಯ ಬಳಿ ಕೂತಿರುತ್ತಿದ್ದರು, ಲಾರಿಯವರಿಗೆ ಬೈಯುತ್ತಿದ್ದರು. ಅಷ್ಟನ್ನು ಖಂಡಿತ ಹೇಳಬಲ್ಲೆ. ನನಗೆ ಸಂಕಟವಾಗುವುದೂ ಅಷ್ಟಕ್ಕೇ.

ಮರುವರ್ಷ ನನಗೆ ಪುತ್ತೂರಿಗೆ ವರ್ಗವಾಯಿತು. ಆಮೇಲೆ ಕಲ್ಲುಗುಂಡಿಗೆ ಹೋದದ್ದು ಈಗಲೇ.

ಅಂಗಡಿಯ ಮಾಳಿಗೆಗೆ ಬೀಗ ಬಿದ್ದಿತ್ತು. ನಬೀಸಕ್ಕ ಉಪ್ಪಿನಂಗಡಿಯಲ್ಲಿ ಮಗಳ ಮನೆಯಲ್ಲಿದ್ದಾರಂತೆ. ನಾನು ಲೀಲಕ್ಕನ ಮನೆಗೆ ಹೋದೆ. ದೇರಣ್ಣ ಬಾಡಿಗೆಗೆ ಹೋಗಿದ್ದರು. ಲೀಲಕ್ಕನ ತಲೆ ಪೂರ್ತಿ ನರೆತಿತ್ತು. ಕೈಹಿಡಿದು ಕೂರಿಸಿ, ಕಾಫಿ ಕೊಟ್ಟು, ಮಗಳ ಮಾರ್ಕಿನಿಂದ ಹಿಡಿದು ನನ್ನ ಮೊಣಕಾಲು ನೋವಿನವರೆಗೆ ಎಲ್ಲವನ್ನೂ ವಿಚಾರಿಸಿದರು. ನಾನು ಮನೆಯಲ್ಲಿ ಕರಿದ ಅಚ್ಚಪ್ಪವನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ದಿದ್ದೆ. ಹೊರಡುವಾಗ ಅವರು ಒಳಗೆ ಹೋಗಿ ಅದನ್ನು ಖಾಲಿ ಮಾಡಿ ತಂದು ನನ್ನ ಕೈಗಿಟ್ಟರು. ಡಬ್ಬಿಯ ಒಳಗೆ ಎಣ್ಣೆಯ ಜಿಡ್ಡು ಹಾಗೇ ಇತ್ತು, ತಳದಲ್ಲಿ ಅಚ್ಚಪ್ಪದ ಚೂರು. ಯಾರ ಜಗಲಿಯಲ್ಲೂ ಕಸ ಸಹಿಸದ ಲೀಲಕ್ಕನೇ ಇದು ಎಂದು ನಾನು ಅವರ ಮುಖ ನೋಡಿದೆ.

"ತೊಳೀಲಿಲ್ಲ ಸಿಸ್ಟರ್. ತಪ್ಪು ತಿಳ್ಕೊಳ್ಬೇಡಿ," ಎಂದರು. "ನಾನೀಗ ಯಾರದ್ದೂ ತೊಳ್ದು ಕೊಡುದಿಲ್ಲ."

ನಾನು ಡಬ್ಬಿಯ ಮುಚ್ಚಳ ಹಾಕಿದೆ. "ನಿಮ್ಗೆ ಯಾರು ಹೇಳಿದ್ದು?"

"ಇವ್ರೇ. ಪುತ್ತೂರಿಂದ ಬಂದ ಸಂಜೆಯೇ ಹೇಳಿದ್ರು. ಅಷ್ಟು ದೊಡ್ಡ ಮಾತು ಹೊಟ್ಟೆಯಲ್ಲಿ ಇಟ್ಕೊಳ್ಳುವ ಜನ ಅಲ್ಲ ಇವ್ರು. ಯಾರತ್ರಾನೂ ಹೇಳ್ಬಾರ್ದಂತೆ, ಸಿಸ್ಟರಿಗೆ ಮಾತು ಕೊಟ್ಟಿದ್ದೇನೆ ಹೇಳಿದ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಗಂಜಿ ತರುವಾಗೆಲ್ಲ ಇವತ್ತು ಹೇಳಿಬಿಡುದು, ಕಾಲು ಹಿಡಿದು ತಪ್ಪಾಯ್ತು ಹೇಳುದು ಅಂತಲೇ ಬರ್ತಿದ್ದೆ. ಅವ್ರು ಮಿಡಿ ಚಂದ ಉಂಟು ಹೇಳುವಾಗ ಬಾಯಿಯೇ ಕಟ್ಟಿ ಹೋಗ್ತಿತ್ತು. ಏನೂ ಗೊತ್ತಿಲ್ಲದವ್ರಿಗೆ ಹೇಗೆ ಹೇಳುದು?"

"ಅವ್ರಿಗೆ ಗೊತ್ತಿತ್ತು ಲೀಲಕ್ಕ."

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ಕೂತೆ. ಅದ್ರಾಮಾಕ ಹೇಳಿದ ಪ್ರತಿಯೊಂದು ಮಾತನ್ನೂ ಹೇಳಿದೆ. ಕಂಬಳಿ ಸುತ್ತಿದ್ದು ನಬೀಸಕ್ಕ, ಓಡಿಸದೆ ಇಟ್ಟದ್ದು ಅದ್ರಾಮಾಕನೇ, ಗೋಲಿ ನೋಡಿ ನಂಬಿದ್ದು ನಾವೆಲ್ಲರೂ, ನೀವೊಬ್ಬರೇ ಅಲ್ಲ ಎಂದೆ. ತೊಳೆಯದೆ ಕೊಟ್ಟಿದ್ದರೆ ನಾನೇ ಬೈಯುತ್ತಿದ್ದೆ ಎಂದದ್ದನ್ನೂ ಹೇಳಿದೆ. ಲೀಲಕ್ಕ ಅಂಗಳವನ್ನೇ ನೋಡುತ್ತಿದ್ದರು.

"ಗೊತ್ತಿದ್ದೂ ನನ್ನ ಗಂಜಿ ಕುಡಿದ್ರಾ?"

"ಕುಡಿದ್ರು. ನೀವೇ ನೋಡಿದ್ದೀರಲ್ಲ, ಒಂದು ದಿನವೂ ಬಿಡ್ಲಿಲ್ಲ."

ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದೆ. ಅವರನ್ನು ನೋಯಿಸಬಾರದೆಂದು ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ದೆವು. ಹಾಗೆ ಮುಚ್ಚಿಕೊಂಡದ್ದರಿಂದಲೇ ಈ ಹೆಂಗಸು ಇಷ್ಟು ವರ್ಷ ಇದನ್ನು ಒಬ್ಬಳೇ ಹೊತ್ತಳು. ಈ ನಾಲ್ಕು ಮಾತನ್ನು ಆ ಆಟಿಯಲ್ಲೇ ಹೇಳಿದ್ದರೆ, ಅದ್ರಾಮಾಕ ಬದುಕಿರುವಾಗಲೇ, ಗಂಜಿಯ ಬಟ್ಟಲು ಮಧ್ಯದಲ್ಲಿರುವಾಗಲೇ ಹೇಳಿದ್ದರೆ ಎಂದು ಈಗಲೂ ಅನಿಸುತ್ತದೆ.

ಮೋಡ ಕಟ್ಟಿತ್ತು. ಬಸ್ಸಿನ ಹೊತ್ತಾಯಿತು ಎಂದು ನಾನು ಎದ್ದೆ. ಲೀಲಕ್ಕ ಮುಖ ಒರೆಸಿಕೊಂಡು, ನನ್ನ ಕೈಯಿಂದ ಡಬ್ಬಿಯನ್ನು ಕಿತ್ತುಕೊಂಡು, "ನಿಲ್ಲಿ," ಎಂದು ಹಿತ್ತಿಲಿಗೆ ಹೋದರು. ನಲ್ಲಿಯ ಸದ್ದು, ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು. ರಸ್ತೆಯಲ್ಲಿ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಹೋಗಲಿ, ಇನ್ನೊಂದು ಬರುತ್ತದೆ ಎಂದು ನಾನು ಅಲ್ಲೇ ನಿಂತೆ.

ಮುಂದಿನ ಬಸ್ಸಿನಲ್ಲಿ ಕಿಟಕಿಯ ಬದಿ ಸೀಟು ಸಿಕ್ಕಿತು. ಅರಂತೋಡು ದಾಟಿದ ಮೇಲೆ ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಗೆ ಹಲಸಿನ ಹಪ್ಪಳ. ಒಂದನ್ನು ಎತ್ತಿದೆ, ಅಡಿಭಾಗ ಮೆತ್ತಗಾಗಿತ್ತು. ಎಷ್ಟು ಒರೆಸಿದ್ದರೋ ಪಾಪ, ಡಬ್ಬಿಯ ತಳ ಇನ್ನೂ ಒದ್ದೆಯಿತ್ತು.